ಅಂಗೈಯ ಜಡ್ಡು ಮತ್ತು ಅದರ ಆರೈಕೆ

(ನಮ್ಮ ಸಂಘದ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಇದುವರೆಗೆ ವಚನಗಳ ಮೇಲೆ, ದಾಸರ ಪದಗಳ ಮೇಲೆ, ಬೇಂದ್ರೆಯವರ ಕಾವ್ಯದ ಮೇಲೆ ಬಲ್ಲವರು ಮಾತನಾಡಿದ್ದಾರೆ. ನಾವು ಬಲ್ಲವರಲ್ಲ. ಮೆಟ್ರಿಕ್‌ವರೆಗೆ ಓದಿ, ಭಿವಂಡಿಯ ಕಡೆಯ ಒಂದು ಬಟ್ಟೆ ಗಿರಣಿಯಲ್ಲಿ ಗುಮಾಸ್ತಿಕೆ ಮಾಡಿಕೊಂಡು, ಸಂಜೆ ಎರಡು ತಾಸು ಈ ವಾಚನಾಲಯದ ಬೀಗದ ಕೈ ಇಟ್ಟುಕೊಂಡು ಇರತಕ್ಕವರು. ಇಂಥ ನಮಗೆ ಕಾರ್ಯದರ್ಶಿಗಳು ಮಾತನಾಡಲು ಹೇಳಿದಾಗ, ವಿಷಯವನ್ನು ನಾವೇ ಕೇಳಿ ಪಡೆದೆವು. ವಿಷಯ ಅಂಗೈಯ ಜಡ್ಡು. ನಗಬೇಡಿರಿ. ಇದನ್ನೇ ಏಕೆ ಆರಿಸಿಕೊಂಡೆವೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇವೆ.

ವಾಚನಾಲಯದ ಹಿಂದಿನ ಕೋಣೆಯಲ್ಲಿ ನಮ್ಮ ಸಂಘದ ಸಣ್ಣ ವ್ಯಾಯಾಮಶಾಲೆ ಇರುವುದು ತಮಗೆ ಗೊತ್ತು. ಎರಡು ಭಾರದ ಸರಳು, ಕೆಲವು ಡಂಬೆಲ್ಸು, ಗೋಡೆಗೆ ಬಿಗಿದ ಒಂದು ಸಿಂಗಲ್ ಬಾರ್, ಯಾರೋ ದಾನ ಕೊಟ್ಟ ಒಂದು ಜೊತೆ ಮರದ ಗದೆ. ಅಷ್ಟೇ ಆಸ್ತಿ. ಅಲ್ಲಿಗೆ ಬರುವ ಹುಡುಗರಲ್ಲಿ ಒಬ್ಬನು ಕಲಬುರಗಿ ಕಡೆಯವನು. ಹಗಲಿಗೆ ವಾಶಿಯ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಾನೆ, ಸಂಜೆ ಬಂದು ಭಾರ ಎತ್ತುತ್ತಾನೆ, ಆಮೇಲೆ ಒಂದು ಗಳಿಗೆ ಪತ್ರಿಕೆ ನೋಡಿ ಹೋಗುತ್ತಾನೆ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ತನ್ನ ಅಂಗೈ ತೋರಿಸಿ, “ಅಣ್ಣಾರ, ಈ ಜಡ್ಡು ಸರಳಿಗೆ ಸಿಕ್ಕಿ ಭಾಳ ನೋಯ್ತದ. ಏನ್ ಮಾಡ್ಲಿ?” ಎಂದು ಕೇಳಿದನು. ನಾವು ಪತ್ರಿಕೆಯಿಂದ ತಲೆ ಎತ್ತದೆಯೇ, “ಬಿಸಿ ನೀರಿನಲ್ಲಿ ಕೈ ಇಟ್ಟು ಬ್ಲೇಡಿನಿಂದ ತೆಗೆದುಬಿಡು. ನಾವೂ ಹಾಗೇ ಮಾಡುತ್ತೇವೆ” ಎಂದು ಹೇಳಿದೆವು.

ಅವನು ಹಾಗೇ ಮಾಡಿದನು. ಬ್ಲೇಡು ಸ್ವಲ್ಪ ಆಳಕ್ಕೆ ಹೋಯಿತು. ಮರುದಿನ ಅದೇ ಕೈಯಲ್ಲಿ ಒದ್ದೆ ಗೋಣಿಚೀಲ ಹೊತ್ತನು. ನಾಲ್ಕನೆಯ ದಿನ ಅಂಗೈ ಊದಿ, ಬೆರಳು ಮಡಿಸಲಾಗದಂತಾಗಿ, ಜ್ವರ ಬಂದಿತು. ಆಸ್ಪತ್ರೆಗೆ ನಾವೇ ಜೊತೆಗೆ ಹೋಗಿದ್ದೆವು. ವೈದ್ಯರು ಕೀವು ತೆಗೆದು, ಪಟ್ಟಿ ಕಟ್ಟಿ, ಬ್ಲೇಡಿನಿಂದ ಕೊಯ್ಯಲು ಯಾರು ಹೇಳಿಕೊಟ್ಟರೆಂದು ಕೇಳಿದರು. ಹುಡುಗನು ನಮ್ಮ ಕಡೆಗೆ ನೋಡಲಿಲ್ಲ. ತಾನೇ ಮಾಡಿಕೊಂಡೆನೆಂದು ಹೇಳಿಬಿಟ್ಟನು. ಅವನಿಗೆ ಹದಿನೇಳು ದಿನದ ಕೂಲಿ ಹೋಯಿತು. ಆ ತಿಂಗಳು ಊರಿಗೆ ಹಣ ಹೋಗಲಿಲ್ಲ.

ವೈದ್ಯರ ಎದುರಿಗೆ ನಾವು ಕೊಡಬೇಕಾಗಿದ್ದ ಉತ್ತರವನ್ನು ಇಂದು ತಮ್ಮೆದುರಿಗೆ ಕೊಡುತ್ತಿದ್ದೇವೆ. ಆ ಮಾತು ಹೇಳಿಕೊಟ್ಟವರು ನಾವು. ಅಂದಿನಿಂದ ಬಲ್ಲವರನ್ನು ಕೇಳಿ, ಓದಿ, ನಮ್ಮ ಕೈಯ ಮೇಲೆಯೇ ನೋಡಿಕೊಂಡು ತಿಳಿದಷ್ಟನ್ನು ಹೇಳುತ್ತೇವೆ. ನಾವು ವೈದ್ಯರಲ್ಲ, ವೈದ್ಯರ ಬಳಿಗೆ ಯಾವಾಗ ಹೋಗಬೇಕೆಂಬುದನ್ನೂ ಈ ಮಾತಿನಲ್ಲಿ ಸೇರಿಸಿಕೊಂಡಿದ್ದೇವೆ.

ಜಡ್ಡು ಎಂದರೇನು?

ಚರ್ಮದ ಹೊರಪದರದ ತಳದಲ್ಲಿ ಹೊಸ ಜೀವಕೋಶಗಳು ಸದಾ ಹುಟ್ಟುತ್ತಿರುತ್ತವೆ. ಅವು ಮೇಲಕ್ಕೆ ಸರಿಯುತ್ತ ಬಂದು, ಸತ್ತು, ಚಪ್ಪಟೆಯಾಗಿ, ಗಟ್ಟಿಯಾದ ಒಂದು ಹೊದಿಕೆಯಾಗಿ ಕೂಡುತ್ತವೆ. ಕೊನೆಗೆ ನಮಗೆ ಕಾಣದಂತೆಯೇ ಉದುರಿಹೋಗುತ್ತವೆ. ಉಗುರು, ಕೂದಲುಗಳಲ್ಲಿ ಇರುವ ಕೆರಾಟಿನ್ ಎಂಬ ವಸ್ತುವೇ ಈ ಹೊದಿಕೆಗೂ ಗಟ್ಟಿತನ ಕೊಡುವುದು. ಅಂಗೈಯಲ್ಲಿಯೂ ಅಂಗಾಲಿನಲ್ಲಿಯೂ ಈ ಹೊದಿಕೆ ಹುಟ್ಟಿನಿಂದಲೇ ದಪ್ಪ.

ಒಂದೇ ಜಾಗದಲ್ಲಿ ದಿನವೂ ತಿಕ್ಕಾಟ, ಒತ್ತಡ ಬಿದ್ದರೆ ದೇಹವು ಅಲ್ಲಿ ಹೆಚ್ಚು ಕೋಶಗಳನ್ನು ಹುಟ್ಟಿಸಿ ಹೊದಿಕೆಯನ್ನು ಇನ್ನೂ ದಪ್ಪ ಮಾಡುತ್ತದೆ. ಅದೇ ಜಡ್ಡು. ಆದುದರಿಂದ ಜಡ್ಡು ರೋಗವಲ್ಲ. ಒಳಗಿನ ಮೆದು ಚರ್ಮವನ್ನು ಕಾಯಲು ದೇಹವೇ ಕಟ್ಟಿಕೊಂಡ ಗೋಡೆ ಅದು. ತಿಕ್ಕಾಟವು ಮೆಲ್ಲಗೆ, ದಿನದಿನವೂ ಬಂದರೆ ಗೋಡೆ ಕಟ್ಟಲು ಸಮಯ ಸಿಗುತ್ತದೆ. ಒಂದೇ ದಿನದಲ್ಲಿ ಮಿತಿ ಮೀರಿ ಬಂದರೆ ಚರ್ಮದ ಪದರಗಳು ಬೇರೆಯಾಗಿ ನಡುವೆ ನೀರು ತುಂಬುತ್ತದೆ. ಅದು ಬೊಕ್ಕೆ. ಹೊಸದಾಗಿ ಬಂದ ಹುಡುಗರು ಮೊದಲ ದಿನವೇ ಸಿಂಗಲ್ ಬಾರಿಗೆ ಜೋತುಬಿದ್ದು ಬೊಕ್ಕೆ ಎಬ್ಬಿಸಿಕೊಳ್ಳುವುದು ಹೀಗೆ.

ಹಾಗಾದರೆ ಜಡ್ಡಿನಿಂದ ತೊಂದರೆ ಏನು? ಗೋಡೆ ತೀರ ಎತ್ತರವಾಗುವುದೇ ತೊಂದರೆ. ಜಡ್ಡು ಗುಬಟಿನಂತೆ ಎದ್ದು ನಿಂತರೆ, ಅದರ ಅಂಚು ಗಟ್ಟಿ, ಸುತ್ತಲಿನ ಚರ್ಮ ಮೆತ್ತಗೆ. ಸರಳು ಕೈಯಲ್ಲಿ ಜಾರಿದಾಗ ಆ ಗುಬಟಿಗೆ ಸಿಕ್ಕಿಕೊಂಡು ಎಳೆಯುತ್ತದೆ. ಗಟ್ಟಿ ಭಾಗ ಹರಿಯುವುದಿಲ್ಲ. ಗಟ್ಟಿಯೂ ಮೆದುವೂ ಕೂಡುವ ಅಂಚಿನಲ್ಲಿ ಚರ್ಮ ಕಿತ್ತುಬರುತ್ತದೆ. ತೆಳ್ಳಗೆ, ಸಮನಾಗಿ, ಬಗ್ಗುವಂತೆ ಇರುವ ಜಡ್ಡು ಕೈಯನ್ನು ಕಾಯುತ್ತದೆ. ದಪ್ಪನಾಗಿ ಒಣಗಿ ಬಿರುಕುಬಿಟ್ಟ ಜಡ್ಡು ಕೈಯನ್ನು ಹರಿಯುತ್ತದೆ. ನಮ್ಮ ಭಾಷಣದ ಸಾರ ಇಷ್ಟೇ: ಜಡ್ಡನ್ನು ಪೂರ್ತಿ ತೆಗೆಯಲೂ ಬಾರದು, ಬೆಳೆಯಲು ಬಿಡಲೂ ಬಾರದು.

ಹೆಮ್ಮೆ ಮತ್ತು ನಾಚಿಕೆ

ಕೈಯ ಜಡ್ಡಿನ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ಬಗೆಯ ಭಾವನೆಗಳುಂಟು. ವ್ಯಾಯಾಮಶಾಲೆಯ ತರುಣರು ಅದನ್ನು ಪದಕದಂತೆ ತೋರಿಸುತ್ತಾರೆ. ದಪ್ಪ ಜಡ್ಡು ಇದ್ದವನೇ ಶೂರನೆಂದು ತಿಳಿಯುತ್ತಾರೆ. ಕಚೇರಿ ಸೇರಿದ ನಮ್ಮಂಥವರು ಅದನ್ನು ಮುಚ್ಚಿಕೊಳ್ಳುತ್ತೇವೆ.

ನಮ್ಮ ತಂದೆಯವರು ವಿಜಯಪುರ ಜಿಲ್ಲೆಯಿಂದ ಮುಂಬಯಿಗೆ ಬಂದು ಲಾಲಬಾಗದ ಒಂದು ಹತ್ತಿ ಗಿರಣಿಯಲ್ಲಿ ದುಡಿದವರು. 1982ರ ಜನವರಿ 18ರಂದು ಆರಂಭವಾದ ದೊಡ್ಡ ಮುಷ್ಕರದಲ್ಲಿ ಅವರ ಕೆಲಸ ಹೋಯಿತು. ಅನಂತರ ಮಾರುಕಟ್ಟೆಯಲ್ಲಿ ಹೊರೆ ಹೊತ್ತರು. ಹೊರೆ ಹೊರುವ ಈ ಮಾಥಾಡಿ ಕೆಲಸಗಾರರ ರಕ್ಷಣೆಗಾಗಿ ಮಹಾರಾಷ್ಟ್ರದಲ್ಲಿ 1969ರಲ್ಲಿಯೇ ಒಂದು ಕಾಯಿದೆ ಆಗಿದೆ. ಕೈಯ ರಕ್ಷಣೆ ಮಾತ್ರ ಅವರವರಿಗೇ ಬಿಟ್ಟದ್ದು. ತಂದೆಯವರ ಅಂಗೈ ಒಣಗಿದ ತೊಗಲಿನಂತೆ ಇರುತ್ತಿತ್ತು. ಚಿಕ್ಕಂದಿನಲ್ಲಿ ಅವರು ಬೆನ್ನು ಸವರಿದರೆ ಅಂಗಿಯ ದಾರ ಕೈಗೆ ಸಿಕ್ಕಿಕೊಳ್ಳುತ್ತಿತ್ತು. ಶಾಲೆಗೆ ಬಂದರೆ ಮಾಸ್ತರರೆದುರು ಕೈಯನ್ನು ಹಿಂದೆ ಕಟ್ಟಿಕೊಳ್ಳುತ್ತಿದ್ದರು. ನಮಗೂ ಹಾಗೆ ಕಟ್ಟಿಕೊಂಡರೇ ಸರಿ ಎನಿಸುತ್ತಿತ್ತು. ಈಗ ನೆನೆದರೆ ನಾಚಿಕೆಯಾಗುವುದು ಆ ನಾಚಿಕೆಗಾಗಿಯೇ. ಅಂಗೈಯ ಬಿರುಕಿಗೆ ರಾತ್ರಿ ತಾಯಿಯವರು ಹಚ್ಚುತ್ತಿದ್ದ ಒಂದು ಹನಿ ಕೊಬ್ಬರಿ ಎಣ್ಣೆಯ ಹೊರತು ಆ ಕೈಗೆ ಬೇರೆ ಆರೈಕೆ ಸಿಕ್ಕಿದ್ದನ್ನು ನಾವು ಕಾಣೆವು.

ನಮ್ಮ ಕಪಾಟಿನಲ್ಲಿ ‘ಶಾಂತಲಾ’, ‘ರೂಪದರ್ಶಿ’ ಎಂಬ ಕಾದಂಬರಿಗಳಿವೆ. ತಮ್ಮಲ್ಲಿ ಅನೇಕರು ಮನೆಗೆ ಒಯ್ದು ಓದಿದ್ದೀರಿ. ಅವನ್ನು ಬರೆದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸುತ್ತಿದ್ದ ಹೆಸರಾಂತ ಅಂಗಸಾಧಕರು. ಭಾರದ ಸರಳನ್ನೂ ಸೂರ್ಯನಮಸ್ಕಾರವನ್ನೂ ಕಲಿಸಿದವರು. ದೂರದ ಊರಿನವರಿಗೆ ಅಂಚೆಯ ಮೂಲಕವೂ ವ್ಯಾಯಾಮದ ಪಾಠ ಹೇಳಿದವರು. ಭಾರ ಎತ್ತಿದ ಕೈಯೇ ಕಾದಂಬರಿಯನ್ನೂ ಬರೆಯಿತು. ಆದುದರಿಂದ ಜಡ್ಡು ಇರುವ ಕೈ ಓದುಬರಹಕ್ಕೆ ಸಲ್ಲದೆಂದು ಈ ವಾಚನಾಲಯದಲ್ಲಿ ಯಾರೂ ತಿಳಿಯಬೇಕಾಗಿಲ್ಲ. ಮುಚ್ಚಿಡುವುದೂ ಬೇಡ, ಮೆರೆಸುವುದೂ ಬೇಡ, ಆರೈಕೆ ಮಾಡೋಣ.

ತಡೆಯುವ ಬಗೆ

ಮೊದಲನೆಯದು ಹಿಡಿತ. ತಾವೆಲ್ಲ ಮೇಜಿನ ಮೇಲಿನ ಒಂದು ಹಳೆಯ ಪತ್ರಿಕೆಯನ್ನು ಸುರುಳಿ ಸುತ್ತಿಕೊಳ್ಳಿರಿ. ಇಂದಿನದು ಬೇಡ, ಇನ್ನೂ ಓದುವವರಿದ್ದಾರೆ. ಸುರುಳಿಯನ್ನು ಅಂಗೈಯ ನಟ್ಟನಡುವೆ ಅಡ್ಡಲಾಗಿ ಇಟ್ಟು ಬೆರಳು ಮಡಿಸಿರಿ. ಬೆರಳುಗಳ ಬುಡದ ಕೆಳಗೆ ಚರ್ಮ ಮಡಿಕೆಯಾಗಿ ಎದ್ದುದು ಕಾಣಿಸಿತೇ? ಈಗ ಸುರುಳಿಯನ್ನು ಸ್ವಲ್ಪ ಮೇಲಕ್ಕೆ, ಬೆರಳುಗಳು ಅಂಗೈಗೆ ಕೂಡುವ ಗೆರೆಯ ಹತ್ತಿರ ಇಟ್ಟು ಹಿಡಿಯಿರಿ. ಮಡಿಕೆ ಬಹಳ ಕಡಿಮೆಯಾಯಿತು. ನೆಲದಿಂದ ಭಾರ ಎತ್ತುವಾಗಲೂ ಬಾರಿಗೆ ಜೋತಾಡುವಾಗಲೂ ಭಾರವು ಸರಳನ್ನು ಬೆರಳುಗಳ ಕಡೆಗೇ ಎಳೆಯುತ್ತದೆ. ಅಂಗೈಯ ನಡುವೆ ಹಿಡಿದವನ ಸರಳು ಅಲ್ಲಿಂದ ಜಾರಿ, ದಾರಿಯಲ್ಲಿ ಮಡಿಕೆಯನ್ನು ಹಿಚುಕಿಕೊಂಡು ಹೋಗುತ್ತದೆ. ಮೊದಲೇ ಬೆರಳ ಬುಡದಲ್ಲಿ ಹಿಡಿದರೆ ಜಾರಲು ಜಾಗವಿಲ್ಲ. ಆದರೆ ಮಲಗಿಕೊಂಡು ಎದೆಯ ಮೇಲಿಂದ ಭಾರ ನೂಕುವಾಗ ಮಾತ್ರ ಸರಳು ಅಂಗೈಯ ಕೆಳಭಾಗದಲ್ಲಿ, ಮಣಿಕಟ್ಟಿನ ಮೂಳೆಗೆ ನೇರವಾಗಿ ಕೂರಬೇಕು. ಹೆಬ್ಬೆರಳು ಸರಳನ್ನು ಸುತ್ತಿರಲೇಬೇಕು. ಎರಡಕ್ಕೂ ಒಂದೇ ಹಿಡಿತ ಮಾಡಬಾರದು.

ಎರಡನೆಯದು ಸರಳು. ಪಂದ್ಯಗಳಲ್ಲಿ ಗಂಡಸರ ಸರಳಿನ ತೂಕ 20 ಕಿಲೋ, ಹಿಡಿಯುವ ಜಾಗದ ದಪ್ಪ 28 ಮಿಲಿಮೀಟರು. ಹೆಂಗಸರದು 15 ಕಿಲೋ, 25 ಮಿಲಿಮೀಟರು. ಕೈಯ ಅಳತೆಗೆ ಮೀರಿದ ದಪ್ಪ ಸರಳನ್ನು ಬಿಗಿಯಾಗಿ ಹಿಡಿಯಲಾಗದೆ ಅದು ಕೈಯಲ್ಲಿ ಉರುಳುತ್ತದೆ. ಸರಳಿನ ಮೇಲೆ ಜಾರದಂತೆ ಕೊರೆದಿರುವ ಗೀರುಗಳಲ್ಲಿ ತುಕ್ಕೂ ಹಳೆಯ ಕೊಳೆಯೂ ತುಂಬಿದ್ದರೆ ಅದು ಅರದಂತೆ ಕೈ ತಿನ್ನುತ್ತದೆ. ನಮ್ಮ ಎರಡು ಸರಳುಗಳನ್ನು ಈಗ ಪ್ರತಿ ಭಾನುವಾರ ಬ್ರಷ್ಷಿನಿಂದ ತಿಕ್ಕಿ ಒರೆಸುತ್ತಿದ್ದೇವೆ.

ಮೂರನೆಯದು ಬೆವರು. ಅಂಗೈಯಲ್ಲಿ ಎಣ್ಣೆಯ ಗ್ರಂಥಿಗಳಿಲ್ಲ, ಬೆವರಿನ ಗ್ರಂಥಿಗಳು ಬಹಳ. ನೆನೆದ ಚರ್ಮ ಮೆತ್ತಗಾಗಿ ಬೇಗ ಹರಿಯುತ್ತದೆ. ಹೋಟೆಲಿನಲ್ಲಿ ಪಾತ್ರೆ ತೊಳೆದು ನೇರವಾಗಿ ಬರುವ ಗೆಳೆಯರಿಗೆ ಇದನ್ನು ವಿಶೇಷವಾಗಿ ಹೇಳುತ್ತೇವೆ: ಕೈ ಒರೆಸಿ, ಹದಿನೈದು ಇಪ್ಪತ್ತು ನಿಮಿಷ ಪತ್ರಿಕೆ ಓದಿ, ಚರ್ಮದ ಸುಕ್ಕು ಹೋದ ಮೇಲೆ ಸರಳು ಮುಟ್ಟಿರಿ. ಬೆವರಿಗೆ ಹಚ್ಚುವ ಬಿಳಿಯ ಪುಡಿ ಮೆಗ್ನೀಸಿಯಮ್ ಕಾರ್ಬೊನೇಟು. ಆಟದ ಸಾಮಾನಿನ ಅಂಗಡಿಯಲ್ಲಿ ಗಟ್ಟಿಯಾಗಿ ಸಿಗುತ್ತದೆ. ತೆಳ್ಳಗೆ ಹಚ್ಚಿದರೆ ಸಾಕು. ಹೆಚ್ಚಾದರೆ ಅದೇ ಕೈಯನ್ನು ಒಣಗಿಸುತ್ತದೆ. ಎಲೆಯಡಿಕೆಯ ಸುಣ್ಣವನ್ನು ಇದರ ಬದಲಿಗೆ ಎಂದೂ ಬಳಸಬಾರದು. ಅದು ಚರ್ಮವನ್ನು ಸುಡುತ್ತದೆ. ಮುಖಕ್ಕೆ ಹಚ್ಚುವ ಪೌಡರು ಜಾರಿಸುತ್ತದೆ.

ಮಲ್ಲಕಂಬ ಕಲಿತ ಒಬ್ಬ ಗೆಳೆಯರು, “ಕಂಬಕ್ಕೆ ಹರಳೆಣ್ಣೆ ಸವರುತ್ತೇವಲ್ಲ, ಸರಳಿಗೆ ಏಕೆ ಬಾರದು?” ಎಂದು ಕೇಳಿದ್ದರು. ಮಲ್ಲಕಂಬದಲ್ಲಿ ಮೈ ಕಂಬದ ಮೇಲೆ ಸರಿಯಬೇಕು, ಅದಕ್ಕಾಗಿ ಎಣ್ಣೆ. ಇಲ್ಲಿ ಸರಳು ಕೈಯಲ್ಲಿ ಸರಿಯಲೇಬಾರದು. ಎಣ್ಣೆ ಹಚ್ಚಿದ ಸರಳು ಕಾಲಿನ ಮೇಲೆ ಬಿದ್ದೀತು.

ನಾಲ್ಕನೆಯದು ಕೈಚೀಲ. ಅಂಗೈಗೆ ತೊಡುವ ಚರ್ಮದ ಕೈಚೀಲದಿಂದ ತಿಕ್ಕಾಟ ಕಡಿಮೆಯಾಗುವುದು ನಿಜ. ಆದರೆ ಸಡಿಲವಾಗಿದ್ದರೆ ಒಳಗೇ ಮಡಿಕೆಯಾಗಿ ಬೊಕ್ಕೆ ಎಬ್ಬಿಸುತ್ತದೆ, ದಪ್ಪವಾಗಿದ್ದರೆ ಹಿಡಿತ ಕೆಡಿಸುತ್ತದೆ, ತೊಳೆಯದಿದ್ದರೆ ನಾರುತ್ತದೆ. ಬೇಕಾದವರು ತಮ್ಮ ಕೈಗೆ ಸರಿಯಾದುದನ್ನು ಕೊಂಡು, ಒಗೆದು ಒಣಗಿಸಿ ಬಳಸಬಹುದು. ಬೆರಳಿನ ಉಂಗುರವನ್ನು ಮಾತ್ರ ಎಲ್ಲರೂ ತೆಗೆದಿಟ್ಟೇ ಭಾರ ಮುಟ್ಟಬೇಕು. ಉಂಗುರ ಬಾರಿಗೆ ಸಿಕ್ಕಿಕೊಂಡರೆ ಹೋಗುವುದು ಬರಿಯ ಚರ್ಮವಲ್ಲ.

ಐದನೆಯದು ತಾಳ್ಮೆ. ಹೊಸಬರು ಮೊದಲ ತಿಂಗಳು ಜೋತಾಡುವ ವ್ಯಾಯಾಮವನ್ನು ದಿನ ಬಿಟ್ಟು ದಿನ ಮಾಡಿರಿ. ಅಂಗೈಯಲ್ಲಿ ಒಂದು ಕಡೆ ಬಿಸಿಯೇರಿ ಉರಿಯತೊಡಗಿದರೆ ಅದು ಬೊಕ್ಕೆಯ ಮುನ್ಸೂಚನೆ. ಅಲ್ಲಿಗೇ ನಿಲ್ಲಿಸಿ ಬಸ್ಕಿ ಹೊಡೆಯಿರಿ. ಬಸ್ಕಿಗೆ ಅಂಗೈ ಬೇಕಾಗಿಲ್ಲ.

ಆರೈಕೆಯ ಬಗೆ

ವಾರಕ್ಕೆ ಒಂದು ಅಥವಾ ಎರಡು ಸಲ ಸಾಕು. ಸ್ನಾನವಾದ ಮೇಲೆ, ಇಲ್ಲವೇ ಐದು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು ಸಾಬೂನಿನಿಂದ ತೊಳೆದ ಮೇಲೆ, ಹಿಮ್ಮಡಿ ಉಜ್ಜುವ ಕಲ್ಲನ್ನು ಒದ್ದೆ ಮಾಡಿಕೊಂಡು, ಜಡ್ಡಿನ ಮೇಲೆ ಮೆಲ್ಲಗೆ ಉಜ್ಜಬೇಕು. ಒಂದೇ ದಿನದಲ್ಲಿ ಚಪ್ಪಟೆ ಮಾಡುವ ಹಟ ಬೇಡ. ಕಣ್ಣು ಮುಚ್ಚಿಕೊಂಡು ಇನ್ನೊಂದು ಕೈಯ ಬೆರಳಿನಿಂದ ಸವರಿ ನೋಡಿರಿ: ಗುಬಟು ಕೈಗೆ ತಗಲದೆ, ಚರ್ಮ ದಪ್ಪ ಎನಿಸಿದರೆ ಅಲ್ಲಿಗೆ ನಿಲ್ಲಿಸಿರಿ. ಕೆಂಪಾಗಿ ಉರಿದರೆ ಮಿತಿ ಮೀರಿತೆಂದು ಅರ್ಥ. ಮರುದಿನ ಭಾರ ಎತ್ತುವುದಿದ್ದರೆ ಹಿಂದಿನ ರಾತ್ರಿ ಹೆಚ್ಚು ಉಜ್ಜಬೇಡಿರಿ.

ಉಜ್ಜಿದ ಮೇಲೆ ಒರೆಸಿ, ಕೈ ಇನ್ನೂ ತುಸು ತೇವ ಇರುವಾಗಲೇ ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಿರಿ. ಅದು ಒಳಗಿನ ತೇವವನ್ನು ಹಿಡಿದಿಡುತ್ತದೆ, ಜಡ್ಡು ಬಿರಿಯುವುದಿಲ್ಲ. ಜಡ್ಡು ಬಹಳ ಗಟ್ಟಿಯಾಗಿದ್ದರೆ ಔಷಧದ ಅಂಗಡಿಯಲ್ಲಿ ಯೂರಿಯಾ ಸೇರಿಸಿದ ಮುಲಾಮು ಸಿಗುತ್ತದೆ. ಅದು ಗಟ್ಟಿ ಚರ್ಮವನ್ನು ಮೆತ್ತಗೆ ಮಾಡುತ್ತದೆ. ಹೊಲಕ್ಕೆ ಹಾಕುವ ಯೂರಿಯಾವನ್ನು ಯಾರೂ ನೀರಿನಲ್ಲಿ ಕಲಸಿಕೊಳ್ಳಬಾರದೆಂದು ಪ್ರಾರ್ಥನೆ. ಇದನ್ನೆಲ್ಲ ರಾತ್ರಿ ಮಲಗುವಾಗ ಮಾಡಬೇಕು, ವ್ಯಾಯಾಮಕ್ಕೆ ಮುಂಚೆ ಅಲ್ಲ.

ಮಾಡಬಾರದ್ದು ಇವು. ಬ್ಲೇಡು, ಚಾಕು, ಕತ್ತರಿಯಿಂದ ಜಡ್ಡನ್ನು ಕೊಯ್ಯಬಾರದು. ಜಡ್ಡಿಗೆ ನೋವು ತಿಳಿಯದು. ಬ್ಲೇಡು ಎಲ್ಲಿ ಜೀವಂತ ಚರ್ಮಕ್ಕೆ ತಲಪಿತೆಂಬುದು ರಕ್ತ ಬಂದ ಮೇಲೆಯೇ ಗೊತ್ತಾಗುವುದು. ಹಲ್ಲಿನಿಂದ ಕಚ್ಚಿ ಕೀಳಬಾರದು. ಆಣಿಗೆ ಹಚ್ಚುವ ಆಮ್ಲದ ಪಟ್ಟಿಯನ್ನು ಹರಿದ ಅಥವಾ ಬಿರಿದ ಚರ್ಮಕ್ಕೆ ಅಂಟಿಸಬಾರದು. ಸಕ್ಕರೆ ಕಾಯಿಲೆ ಇರುವ ಹಿರಿಯರು ಈ ಆಮ್ಲದ ಮದ್ದನ್ನು ವೈದ್ಯರ ಮಾತಿಲ್ಲದೆ ಮುಟ್ಟಲೇಬಾರದು. ಕೈಗೇ ಆಗಲಿ ಕಾಲಿಗೇ ಆಗಲಿ ಆದ ಗಾಯ ಅವರಿಗೆ ಬೇಗ ಮಾಯುವುದಿಲ್ಲ. ಕೆಲವರಿಗೆ ಗಾಯವಾದದ್ದೇ ತಿಳಿಯುವುದಿಲ್ಲ. ಅಂಥವರು ಕಲ್ಲಿನಿಂದ ಉಜ್ಜುವುದಕ್ಕೂ ಮೊದಲು ವೈದ್ಯರನ್ನು ಕೇಳಬೇಕು.

ಇನ್ನೊಂದು ಎಚ್ಚರಿಕೆ. ಗಟ್ಟಿಯಾದುದೆಲ್ಲ ಜಡ್ಡಲ್ಲ. ಜಡ್ಡಿನ ಮೇಲೆ ಅಂಗೈಯ ಸಣ್ಣ ಗೆರೆಗಳು ಹಾಗೇ ಮುಂದುವರಿಯುತ್ತವೆ. ಗೆರೆಗಳು ಆ ಜಾಗದಲ್ಲಿ ತುಂಡಾಗಿ, ನಡುವೆ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ಅದು ನರಹುಲಿ ಇರಬಹುದು. ನರಹುಲಿ ಒಂದು ವೈರಸ್ಸಿನಿಂದ ಬರುವಂಥದು, ಅಂಟುವಂಥದು. ಅದನ್ನು ಉಜ್ಜಿದ ಕಲ್ಲಿನಿಂದ ಬೇರೆ ಜಾಗಕ್ಕೂ ಬೇರೆಯವರಿಗೂ ಹರಡಬಹುದು. ಆದುದರಿಂದ ಕಲ್ಲು ಒಬ್ಬರಿಗೆ ಒಂದು. ಹಲ್ಲುಜ್ಜುವ ಬ್ರಷ್ಷನ್ನು ಹಂಚಿಕೊಳ್ಳುತ್ತೇವೆಯೇ? ಇದೂ ಹಾಗೇ.

ಹರಿದುಹೋದರೆ

ಎಷ್ಟು ಎಚ್ಚರವಿದ್ದರೂ ಒಂದು ದಿನ ಹರಿದೀತು. ಆಗ ಹೀಗೆ ಮಾಡಿರಿ.

ಆ ಕ್ಷಣವೇ ಸರಳು ಬಿಡಿರಿ. “ಇದೊಂದು ಸುತ್ತು ಮುಗಿಸಿ” ಎನ್ನಬೇಡಿರಿ. ಹರಿಯುವ ನಳದ ನೀರಿನಲ್ಲಿ ಸಾಬೂನಿನಿಂದ ತೊಳೆಯಿರಿ. ಉರಿಯುತ್ತದೆ, ತಾಳಿಕೊಳ್ಳಿರಿ. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯನ್ನು ಹತ್ತು ನಿಮಿಷ ಒತ್ತಿ ಹಿಡಿಯಿರಿ. ಕಿತ್ತ ಚರ್ಮ ಶುಭ್ರವಾಗಿದ್ದರೆ ಅದನ್ನು ಇದ್ದಲ್ಲಿಯೇ ಮೆಲ್ಲಗೆ ಹಾಸಿರಿ. ಅದಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ. ಕೊಳೆಯಾಗಿ ಜೋತಾಡುತ್ತಿದ್ದರೆ, ಸ್ಪಿರಿಟ್ಟಿನಲ್ಲಿ ಒರೆಸಿದ ಸಣ್ಣ ಕತ್ತರಿಯಿಂದ ಸತ್ತು ಜೋತ ಅಂಚನ್ನು ಮಾತ್ರ ಕತ್ತರಿಸಿರಿ. ಎಳೆದರೆ ಒಳ್ಳೆಯ ಚರ್ಮವೂ ಜೊತೆಗೆ ಬರುತ್ತದೆ. ಮೇಲೆ ವ್ಯಾಸಲೀನು ಹಚ್ಚಿ, ಗಾಜ್ ಬಟ್ಟೆ ಇಟ್ಟು ಪಟ್ಟಿ ಕಟ್ಟಿರಿ. ದಿನಕ್ಕೊಂದು ಸಲ, ಒದ್ದೆಯಾದಾಗಲೆಲ್ಲ, ಪಟ್ಟಿ ಬದಲಿಸಿರಿ. ಬೂದಿ, ತಂಬಾಕು, ಸುಣ್ಣ, ಹಲ್ಲಿನ ಪೇಸ್ಟು ಯಾವುದನ್ನೂ ಗಾಯಕ್ಕೆ ತುಂಬಬೇಡಿರಿ. ಬೊಕ್ಕೆಯಾದರೆ ಒಡೆಯಬೇಡಿರಿ, ಅದರ ಮೇಲಿನ ಚರ್ಮವೇ ಅದಕ್ಕೆ ಹೊದಿಕೆ.

ಕೊಳೆಯಾದ ಸರಳಿನಿಂದಲೋ ಮಣ್ಣಿನಿಂದಲೋ ಆದ ಗಾಯವಾಗಿದ್ದು, ಧನುರ್ವಾಯುವಿನ ಚುಚ್ಚುಮದ್ದಾಗಿ ಐದು ವರ್ಷ ದಾಟಿದ್ದರೆ, ಇಲ್ಲವೇ ಯಾವಾಗ ಆಯಿತೆಂಬುದೇ ನೆನಪಿಲ್ಲದಿದ್ದರೆ, ಆಸ್ಪತ್ರೆಗೆ ಹೋಗಿ ಕೇಳಿರಿ.

ಇನ್ನು ವೈದ್ಯರ ಬಳಿಗೆ ಅದೇ ದಿನ ಓಡಬೇಕಾದ ಲಕ್ಷಣಗಳು: ಗಾಯದ ಸುತ್ತಲಿನ ಕೆಂಪು ಹರಡುತ್ತಿರುವುದು, ಅಂಗೈ ಊದಿ ಬಿಸಿಯಾಗುವುದು, ಕೀವು, ಮಣಿಕಟ್ಟಿನ ಕಡೆಗೆ ಕೆಂಪು ಗೆರೆ ಏರುವುದು, ಬೆರಳು ನೀಡಿದರೆ ಅಥವಾ ಮಡಿಸಿದರೆ ತಾಳಲಾರದ ನೋವು, ಜ್ವರ. ನಮ್ಮ ಹುಡುಗನಿಗೆ ಎರಡನೆಯ ದಿನವೇ ಕೆಂಪು ಹರಡಿತ್ತು. ನಾಲ್ಕನೆಯ ದಿನದವರೆಗೆ ಅವನು ಯಾರಿಗೂ ಹೇಳಲಿಲ್ಲ. ಒಂದು ದಿನದ ಕೂಲಿ ತಪ್ಪೀತೆಂದು ಸುಮ್ಮನಿದ್ದನು. ಒಂದು ದಿನ ಉಳಿಸಲು ಹೋಗಿ ಹದಿನೇಳು ದಿನ ಕಳೆದನು. ಕೈಯಿಂದಲೇ ಉಣ್ಣುವ ನಮ್ಮ ಜನರಿಗೆ ಈ ಲೆಕ್ಕ ಅರ್ಥವಾಗದೆ ಇರದು.

ಮತ್ತೆ ಭಾರ ಮುಟ್ಟುವುದು ಯಾವಾಗ? ಗಾಯದ ಮೇಲೆ ಹೊಸ ಚರ್ಮ ಪೂರ್ತಿ ಮುಚ್ಚಿ, ಹೆಬ್ಬೆರಳಿನಿಂದ ಒತ್ತಿದರೆ ನೋಯದಿದ್ದಾಗ. ಅಲ್ಲಿಯವರೆಗೆ ಬಸ್ಕಿ, ಓಟ, ಹೊಟ್ಟೆಯ ವ್ಯಾಯಾಮ ಇದ್ದೇ ಇವೆ.

ಒಂದು ಪ್ರಶ್ನೆ

ಹೋದ ವಾರ ಒಬ್ಬ ತಾಯಿಯವರು ನಮ್ಮನ್ನು ಬದಿಗೆ ಕರೆದು, “ನಮ್ಮ ಹುಡುಗಿ ನಿಮ್ಮ ಕೋಣೆಗೆ ಬಂದು ಭಾರ ಎತ್ತುತ್ತೇನೆ ಅನ್ನುತ್ತಾಳೆ. ಕೈ ಒರಟಾದರೆ ನಾಳೆ ನೋಡಲು ಬಂದವರು ಏನಂದಾರು?” ಎಂದು ಕೇಳಿದರು. ಅಮ್ಮಾ, ಮೊದಲು ಒಂದು ಮಾತು. ಬಟ್ಟೆ ಒಗೆದು, ಪಾತ್ರೆ ತಿಕ್ಕಿ, ರೊಟ್ಟಿ ತಟ್ಟಿದ ತಮ್ಮ ಕೈಯಲ್ಲಿ ಜಡ್ಡಿಲ್ಲವೇ? ಅದನ್ನು ಯಾರೂ ಬೇಡವೆನ್ನಲಿಲ್ಲ. ಕರ್ಣಂ ಮಲ್ಲೇಶ್ವರಿಯವರು 2000ದಲ್ಲಿ ಸಿಡ್ನಿ ಒಲಿಂಪಿಕ್ಸಿನಲ್ಲಿ ಭಾರ ಎತ್ತಿ ಕಂಚಿನ ಪದಕ ತಂದರು. ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ. 2021ರಲ್ಲಿ ಟೋಕಿಯೋದಲ್ಲಿ ಮೀರಾಬಾಯಿ ಚಾನು 202 ಕಿಲೋ ಎತ್ತಿ ಬೆಳ್ಳಿ ಗೆದ್ದರು. ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 249 ಕಿಲೋ ಎತ್ತಿ ಬೆಳ್ಳಿ ಗೆದ್ದಾಗ ಊರಿಗೆ ಊರೇ ಸಂತೋಷಪಟ್ಟಿತು. ಅವರ ಅಂಗೈ ಮೆತ್ತಗಿದೆಯೇ ಎಂದು ಯಾರೂ ಮುಟ್ಟಿ ನೋಡಲಿಲ್ಲ. ತಮ್ಮ ಮಗಳನ್ನು ಕಳಿಸಿರಿ. ವಾರಕ್ಕೊಮ್ಮೆ ಕಲ್ಲಿನಿಂದ ಉಜ್ಜಿ ಎಣ್ಣೆ ಹಚ್ಚಿಕೊಂಡರೆ ಜಡ್ಡು ತೆಳ್ಳಗೇ ಇರುತ್ತದೆ; ವ್ಯಾಯಾಮ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ತಾನೇ ಇಳಿದುಹೋಗುತ್ತದೆ.

ಮುಗಿಸುವ ಮುನ್ನ

ನಮ್ಮ ಹುಡುಗನು ಗುಣವಾಗಿ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ, ಮತ್ತೆ ಇಲ್ಲಿಗೂ ಬರುತ್ತಿದ್ದಾನೆ. ಆ ಹದಿನೇಳು ದಿನದ ಕೂಲಿಯನ್ನು ನಾವು ಕೊಡಲು ಹೋದಾಗ ಅರ್ಧವನ್ನಷ್ಟೇ ತೆಗೆದುಕೊಂಡನು. ಬ್ಲೇಡು ಹಿಡಿದ ಕೈ ತನ್ನದೂ ಹೌದಲ್ಲ ಎಂದನು. ಈ ಭಾಷಣದಲ್ಲಿ ತನ್ನ ವಿಷಯ ಹೇಳಲು ಅವನ ಒಪ್ಪಿಗೆ ಪಡೆದಿದ್ದೇವೆ. ಹೆಸರು ಮಾತ್ರ ಬೇಡವೆಂದನು.

ವ್ಯಾಯಾಮಶಾಲೆಯ ಗೋಡೆಯ ಮೇಲೆ ಇಂದಿನಿಂದ ಒಂದು ಹಲಗೆ ಇರುತ್ತದೆ. ಈಗ ಹೇಳಿದ್ದನ್ನೆಲ್ಲ ಹತ್ತು ಸಾಲಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೇವೆ. ಅದರ ಕೆಳಗೆ ಒಂದು ಡಬ್ಬಿ: ಗಾಜ್ ಬಟ್ಟೆ, ಪಟ್ಟಿ, ಸ್ಪಿರಿಟ್ಟು, ವ್ಯಾಸಲೀನು, ಒಂದು ಸಣ್ಣ ಕತ್ತರಿ. ಡಬ್ಬಿ ಬರಿದಾದರೆ ತುಂಬುವ ಹೊಣೆ ನಮ್ಮದು. ಉಜ್ಜುವ ಕಲ್ಲನ್ನು ಮಾತ್ರ ತಾವು ತಾವೇ ತರತಕ್ಕದ್ದು. ಓದಲು ಬಾರದ ಗೆಳೆಯರಿಗೆ ಹಲಗೆಯನ್ನು ಓದಿ ಹೇಳಬೇಕಾಗಿ ಓದಬಲ್ಲವರಲ್ಲಿ ವಿನಂತಿ. ವಾಚನಾಲಯ ಇರುವುದೇ ಅದಕ್ಕಾಗಿ.

ಇನ್ನು ಮುಂದೆ ಯಾರಾದರೂ ಬಂದು ನಮ್ಮೆದುರಿಗೆ ಕೈ ಚಾಚಿದರೆ, ಪತ್ರಿಕೆಯನ್ನು ಕೆಳಗಿಟ್ಟು ಆ ಕೈಯನ್ನು ನೋಡಿಯೇ ಉತ್ತರ ಕೊಡುತ್ತೇವೆ ಎಂದು ಮಾತು ಕೊಟ್ಟು ಮುಗಿಸುತ್ತೇವೆ. ಸುರುಳಿ ಸುತ್ತಿದ ಪತ್ರಿಕೆಗಳನ್ನು ದಯವಿಟ್ಟು ನೇರ ಮಾಡಿ ಮೇಜಿನ ಮೇಲಿಡಿರಿ.